ಕಗ್ಗ ಭತ್ತಕ್ಕೆ ಅರ್ಜಿ ಹಾಕಿದ ಅನುಭವ

ನಮ್ಮ ಗದ್ದೆ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಅಳಿವೆಯ ಗಜನಿಯಲ್ಲಿದೆ. ಗಜನಿ ಅಂದರೆ ಹೊಳೆ ಸಮುದ್ರ ಸೇರುವಲ್ಲಿನ ತಗ್ಗು ಗದ್ದೆ. ಬೇಸಿಗೆಯಲ್ಲಿ ಇಲ್ಲಿ ಉಪ್ಪು ನೀರು ನಿಲ್ಲುತ್ತದೆ. ಮಳೆ ಬಂದು ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಬೀಜ ಎರಚುತ್ತೇವೆ. ಗೊಬ್ಬರ ಹಾಕುವುದಿಲ್ಲ. ಕೊಯ್ಲಿನಲ್ಲಿ ತೆನೆ ಮಾತ್ರ ನಮಗೆ. ಉಳಿದ ಹುಲ್ಲು ನೀರಲ್ಲೇ ಕೊಳೆತು ಮೀನು, ಶೆಟ್ಲಿಗೆ (ಸಿಗಡಿಗೆ) ಆಹಾರವಾಗುತ್ತದೆ.

ಕಗ್ಗವನ್ನು ‘ರೈತ ತಳಿ’ಯಾಗಿ, ಅಂದರೆ ರೈತರೇ ಬೆಳೆದು ಉಳಿಸಿಕೊಂಡು ಬಂದ ತಳಿಯಾಗಿ, ನೋಂದಾಯಿಸಬೇಕು ಅನ್ನಿಸಿದ್ದು ಕೇರಳದ ಪೊಕ್ಕಾಳಿ ಭತ್ತದ ಬಗ್ಗೆ ಓದಿದಾಗ. ಅದೂ ಉಪ್ಪು ನೀರಿನ ಭತ್ತವೇ. ಉಪ್ಪು ತಡೆಯುವ ಅದರ ವಂಶವಾಹಿ ಭಾಗವನ್ನು ವಿಜ್ಞಾನಿಗಳು ಗುರುತಿಸಿ ‘ಸಾಲ್ಟಾಲ್’ ಅಂತ ಹೆಸರಿಟ್ಟರು. ಬಾಂಗ್ಲಾದೇಶ, ವಿಯೆಟ್ನಾಂ ಭತ್ತಕ್ಕೂ ಅದನ್ನು ಸೇರಿಸಿದ್ದಾರೆ. ಒಳ್ಳೆಯ ಕೆಲಸ. ಕರಾವಳಿಯವರೆಲ್ಲ ಉಣ್ಣಬೇಕಲ್ವಾ? ಆದರೆ ಆ ಗುಣ ಉಳಿಸಿಕೊಂಡು ಬಂದವರ ಹೆಸರೂ ಒಂದು ಕಡೆ ದಾಖಲಾಗಿರಬೇಕು.

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತರಿಗೆ ನೋಂದಣಿ ಶುಲ್ಕವಿಲ್ಲ. ಊರವರು ಗುಂಪಾಗಿಯೂ ಅರ್ಜಿ ಹಾಕಬಹುದು. ನಾವು ಹಾಗೇ ಮಾಡಿದೆವು. ಪಂಚಾಯಿತಿಯ ಜೀವವೈವಿಧ್ಯ ಸಮಿತಿಯಿಂದ ಶಿಫಾರಸು ಪಡೆದೆವು. ಕಾಗದದ ಕೆಲಸ ಬೇಗ ಮುಗಿಯಿತು.

ಕಷ್ಟ ಇದ್ದದ್ದು ಗದ್ದೆಯಲ್ಲಿ. ನೋಂದಣಿ ಸಿಗಬೇಕಾದರೆ ತಳಿ ಬೇರೆಯದಕ್ಕಿಂತ ಭಿನ್ನವಾಗಿರಬೇಕು, ಗಿಡಗಳೆಲ್ಲ ಒಂದೇ ಥರ ಇರಬೇಕು, ವರ್ಷ ಕಳೆದರೂ ಬದಲಾಗಬಾರದು. ಭತ್ತದಲ್ಲಿ 62 ಲಕ್ಷಣ ನೋಡುತ್ತಾರೆ. ನಮ್ಮ ಕಗ್ಗವೋ, ಒಂದರ ತೆನೆಗೆ ಉದ್ದ ಮೀಸೆ, ಇನ್ನೊಂದಕ್ಕೆ ಮೀಸೆಯೇ ಇಲ್ಲ. ಒಂದು ವಾರ ಮೊದಲೇ ಬಲಿಯುವ ಗಿಡಗಳೂ ಇದ್ದವು. ಹಾಗಾಗಿ ಒಂದೇ ಥರದ ತೆನೆ ಆರಿಸಿ, ತೆನೆಗೊಂದು ಸಾಲಿನಂತೆ ಬಿತ್ತಿದೆ. ಬೇರೆ ಥರದ್ದನ್ನು ಕಿತ್ತೆ. ಹೀಗೆ ಮೂರು ಮಳೆಗಾಲ.

ಎರಡನೇ ವರ್ಷ ಕಟ್ಟೆ ಒಡೆದು ಉಪ್ಪು ನೀರು ನುಗ್ಗಿತು. ಆಗ ನಾನು ಆರಿಸಿದ ಸಾಲುಗಳೆಲ್ಲ ಒಟ್ಟಿಗೇ ಹೂ ಬಿಟ್ಟಿದ್ದವು. ಹೆಚ್ಚಿನವು ಜೊಳ್ಳಾದವು. ಪಕ್ಕದ ಬೆರಕೆ ಗದ್ದೆಯಲ್ಲಿ ಮೊದಲೇ ಹೂ ಮುಗಿಸಿದ ಗಿಡಗಳು ಕಾಳು ಕಟ್ಟಿದ್ದವು. ಕಾನೂನಿಗೆ ಬೇಕಾದದ್ದು ಒಂದೇ ಥರದ ಬೆಳೆ. ನಮ್ಮ ಹೊಟ್ಟೆ ತುಂಬಿಸುವುದು ಬೆರಕೆ. ಇದನ್ನು ಕಣ್ಣಾರೆ ಕಂಡು ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಬೀಜ ಎರಡು ಕಡೆ ಇಡುತ್ತೇನೆ: ಪರೀಕ್ಷೆಗೆ ಆರಿಸಿದ್ದು ಬೇರೆ, ಬಿತ್ತನೆಗೆ ಬೆರಕೆ ಬೇರೆ.

ಪಕ್ಕದ ಮನೆಯ ಅಜ್ಜಿ, “ತಮಾ, ನೋಂದಣಿ ಆದ್ಮೇಲೆ ಕೇಳ್ದವ್ರಿಗೆ ಬೀಜ ಕೊಡ್ಲಿಕ್ಕಿಲ್ವಾ?” ಅಂತ ಕೇಳಿದರು. ಕೊಡಬಹುದು. ನೋಂದಣಿಯಾದ ತಳಿಯ ಬೀಜವನ್ನೂ ರೈತರು ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಬಹುದು. ಬ್ರಾಂಡ್ ಹಾಕಿ ಮಾತ್ರ ಮಾರುವಂತಿಲ್ಲ. 39ನೇ ಕಲಮಿನಲ್ಲೇ ಇದೆ. ಅದನ್ನು ಅವರಿಗೆ ಎರಡು ಸಲ ಓದಿ ಹೇಳಿದೆ.

ಅರ್ಜಿ ಹಾಕುವವರು ಕೊಯ್ಲಿನವರೆಗೆ ಕಾಯಬೇಡಿ. ಹೂ ಬಿಡುವಾಗಲೇ ಆರಿಸಿದ ಗಿಡಕ್ಕೆ ಗುರುತಿಗೆ ದಾರ ಕಟ್ಟಿ. ಶಲಾಕಾಗ್ರದ, ಅಂದರೆ ಹೂವಿನ ಹೆಣ್ಣು ಭಾಗದ ತುದಿಯ, ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಹೂ ಅರಳಿರುವ ಆ ಸ್ವಲ್ಪ ಹೊತ್ತಿನಲ್ಲೇ ಅದನ್ನು ನೋಡಿ ಬರೆದುಕೊಳ್ಳಬೇಕು.