150 ಪದಗಳ ಒಳಗೆ ಒಂದು ಪ್ರಶ್ನೆ

ನಾನು ಕಾಸರಗೋಡು ಜಿಲ್ಲೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಇಸಿಎಚ್‌ಎಸ್ ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆ. ಅದರ ರೆಫರಲ್ ಚೀಟಿ ಹಿಡಿದು ಬರುವ ಮಾಜಿ ಸೈನಿಕರು ನಮ್ಮ ವಾರ್ಡಿನಲ್ಲಿ ಜಾಸ್ತಿ. 2003ರಲ್ಲಿ ಶುರುವಾದ ಈ ಯೋಜನೆ ನಮ್ಮೂರಿನ ಎಷ್ಟೋ ಮಿಲಿಟ್ರಿ ಮನೆಗಳಿಗೆ ದೊಡ್ಡ ಆಸರೆ.

ಅವರಲ್ಲೊಬ್ಬರು ಹವಾಲ್ದಾರ್ ಅಜ್ಜ. ಸಕ್ಕರೆ ಕಾಯಿಲೆ, ಬಲಗಾಲಿನ ಅಡಿಯಲ್ಲಿ ಹುಣ್ಣು. ಆದರೂ ಶೂ ಪಳಪಳ ಹೊಳೆಯಬೇಕು. ಒಂದು ದಿನ ಶೂ ಬಿಚ್ಚಿಸಿದರೆ ಕಾಲ್ಚೀಲ ಹುಣ್ಣಿಗೆ ಅಂಟಿಕೊಂಡಿತ್ತು. ಸಲೈನ್ ಹಾಕಿ ನೆನೆಸಿ ಸ್ವಲ್ಪ ಸ್ವಲ್ಪವೇ ಬಿಡಿಸಿದೆ. "ನೋವುಂಟಾ ಅಜ್ಜ?" ಎಂದೆ. "ಏನಿಲ್ಲ ಮಗಾ" ಎಂದರು. ಕೈ ಮಾತ್ರ ಮಂಚದ ಸರಳನ್ನು ಬಿಗಿಯಾಗಿ ಹಿಡಿದಿತ್ತು. ಹಿಂದಿನ ವಾರ ಡ್ರೆಸ್ಸಿಂಗ್ ಮಾಡಿದವಳು ಹೊಸ ಹುಡುಗಿ. ಅವಳಿಗೂ "ಏನಿಲ್ಲ" ಎಂದೇ ಹೇಳಿದ್ದರು. ಅವಳು ನಂಬಿದಳು. ಅದು ಅವಳ ತಪ್ಪಲ್ಲ. ಮಿಲಿಟ್ರಿಯವರ "ಏನಿಲ್ಲ"ದ ಅರ್ಥ ಗೊತ್ತಾಗಲು ಅವರ ಜೊತೆ ವರ್ಷಗಟ್ಟಲೆ ಇರಬೇಕು. ನಮ್ಮ ಹುಡುಗಿಯರು ಅಷ್ಟು ದಿನ ನಿಲ್ಲುವುದಿಲ್ಲ. ಸಂಬಳ ಸಾಲದೆ ಗಲ್ಫಿಗೋ ಐರ್ಲೆಂಡಿಗೋ ಹೋಗಿಬಿಡುತ್ತಾರೆ.

ಆ ಸಂಜೆ ನಾವು ನಾಲ್ಕು ಜನ ಕೂತು ಮಾತಾಡಿದೆವು. ಸುಮ್ನೆ ಬೇಸರ ಮಾಡಿಕೊಂಡರೆ ಏನೂ ಆಗುವುದಿಲ್ಲ, ಅಲ್ವಾ? ನರ್ಸ್‌ಗಳ ಸಂಬಳ, ಮಾಜಿ ಸೈನಿಕರ ಚಿಕಿತ್ಸೆ ಎರಡರ ಬಗ್ಗೆಯೂ ನಾಲ್ಕು ಪುಟದ ಮನವಿ ಬರೆದು ಶಾಸಕರ ಕಚೇರಿಗೆ ಕೊಟ್ಟೆವು. ಕನ್ನಡದಲ್ಲೇ ಬರೆದೆವು. ಕೇರಳದ 1969ರ ಆಡಳಿತ ಭಾಷಾ ಕಾನೂನಿನಂತೆ ನಮ್ಮಂಥ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಈ ಹಕ್ಕನ್ನು ದಯವಿಟ್ಟು ಯಾರೂ ಬಿಟ್ಟುಕೊಡಬೇಡಿ.

ಅಲ್ಲಿದ್ದ ಸಹಾಯಕರು ಓದಿ ಕೇಳಿದರು: "ಸಿಸ್ಟರೇ, ಇದರಲ್ಲಿ ತಿರುವನಂತಪುರದ ಕೆಲಸ ಯಾವುದು, ದೆಹಲಿಯದು ಯಾವುದು?" ನಮಗೆ ಉತ್ತರ ಗೊತ್ತಿರಲಿಲ್ಲ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ತಂದಿದ್ದೆವು. ಆಮೇಲೆ ಬಿಡಿಸಿ ನೋಡಿದೆವು. ಖಾಸಗಿ ಆಸ್ಪತ್ರೆಯ ಕನಿಷ್ಠ ವೇತನ ರಾಜ್ಯದ ವಿಷಯ. ನರ್ಸ್‌ಗಳ ದೊಡ್ಡ ಹೋರಾಟದ ನಂತರ 2018ರ ಏಪ್ರಿಲ್‌ನಲ್ಲಿ ಕೇರಳ ಸರ್ಕಾರ ಮೂಲ ವೇತನ ಕನಿಷ್ಠ 20,000 ರೂಪಾಯಿ ಎಂದು ಅಧಿಸೂಚನೆ ಹೊರಡಿಸಿತು. ಇಸಿಎಚ್‌ಎಸ್ ಇರುವುದು ಕೇಂದ್ರದ ರಕ್ಷಣಾ ಸಚಿವಾಲಯದ ಕೆಳಗೆ. ಯಾವ ಖಾಸಗಿ ಆಸ್ಪತ್ರೆಯನ್ನು ಪಟ್ಟಿಗೆ ಸೇರಿಸಬೇಕು, ಯಾವ ಷರತ್ತಿನ ಮೇಲೆ, ಎಂಬುದೆಲ್ಲ ದೆಹಲಿಯದು. ನಮ್ಮ ಕೆಲಸ ಈ ಎರಡೂ ಸೇರುವ ಜಾಗದಲ್ಲಿತ್ತು.

ಮುಂದಿನ ಆರು ತಿಂಗಳು ಒಂದು ನೋಟ್‌ಬುಕ್ ಇಟ್ಟೆವು. ಹೆಸರಿಲ್ಲ, ಕಾರ್ಡ್ ನಂಬರ್ ಇಲ್ಲ. ಒಬ್ಬ ರೋಗಿಗೆ ಎಷ್ಟು ಬೇರೆ ಬೇರೆ ನರ್ಸ್‌ಗಳು ಡ್ರೆಸ್ಸಿಂಗ್ ಮಾಡಿದರು ಎಂಬ ಲೆಕ್ಕ ಮಾತ್ರ. ಹವಾಲ್ದಾರ್ ಅಜ್ಜನ ಸಾಲಿನಲ್ಲಿ ಏಳು ಗೆರೆ ಬಿತ್ತು. ಈ ನೋಟ್‌ಬುಕ್ ನಮ್ಮ ನಾಲ್ಕು ಪುಟದ ಮನವಿಗಿಂತ ಜಾಸ್ತಿ ಮಾತಾಡಿತು. ಎಲ್ಲಿಗೆ ಹೋದರೂ ರಜೆ ಹಾಕಿ, ಯೂನಿಫಾರ್ಮ್ ಇಲ್ಲದೆ ಹೋದೆವು. ಕೆಲಸ ಹೋದೀತು ಎಂಬ ಹೆದರಿಕೆ ಎಲ್ಲರಿಗೂ ಇತ್ತು, ಈಗಲೂ ಇದೆ.

ಸಂಸದರ ಕಚೇರಿಯಲ್ಲಿ ಒಳ್ಳೆಯ ಸಲಹೆ ಸಿಕ್ಕಿತು: ಮನವಿ ಬೇಡ, ಪ್ರಶ್ನೆ ತನ್ನಿ. ಲೋಕಸಭೆಯ ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. 15 ದಿನ ಮುಂಚೆ ನೋಟಿಸ್ ಕೊಡಬೇಕು. ಯಾವ ಪ್ರಶ್ನೆ ಪಟ್ಟಿಗೆ ಬರುತ್ತದೆ ಎಂಬುದು ಚೀಟಿ ಎತ್ತಿದ ಹಾಗೆ. ದಿನಕ್ಕೆ 20 ಪ್ರಶ್ನೆಗಳಿಗೆ ಮಾತ್ರ ಮಂತ್ರಿ ಎದ್ದು ನಿಂತು ಉತ್ತರಿಸುವ ಅವಕಾಶ, ಉಳಿದವಕ್ಕೆ ಬರಹದಲ್ಲಿ. ನಾವು ಬರೆದದ್ದು ಇಷ್ಟು: ಇಸಿಎಚ್‌ಎಸ್ ಪಟ್ಟಿಗೆ ಆಸ್ಪತ್ರೆಯನ್ನು ಸೇರಿಸುವಾಗ ಅಲ್ಲಿನ ನರ್ಸ್‌ಗಳಿಗೆ ಆಯಾ ರಾಜ್ಯದ ಕನಿಷ್ಠ ವೇತನ ಸಿಗುತ್ತಿದೆಯೇ ಎಂದು ನೋಡಲಾಗುತ್ತದೆಯೇ? ಇಲ್ಲವಾದರೆ ಅದನ್ನು ಷರತ್ತಾಗಿ ಸೇರಿಸುವ ಯೋಚನೆ ಇದೆಯೇ? ನಮ್ಮ ಟೀಚರ್ ಗೆಳತಿ ಇಂಗ್ಲಿಷ್ ಮಾಡಿಕೊಟ್ಟಳು.

ಜೊತೆಗೆ ಮಾಜಿ ಸೈನಿಕರ ಸಹಿ ಬೇಕೆನಿಸಿತು. ನರ್ಸ್‌ಗಳು ಮಾತ್ರ ಕೇಳಿದರೆ ಸಂಬಳದ ಗಲಾಟೆ ಎನ್ನುತ್ತಾರೆ. ಅಜ್ಜಂದಿರೂ ಕೇಳಿದರೆ ಅದು ಅವರ ಚಿಕಿತ್ಸೆಯ ಮಾತು. ಕನ್ನಡ, ಮಲಯಾಳ ಎರಡರಲ್ಲೂ ಹಾಳೆ ಮಾಡಿ ಭಾನುವಾರ ಭಾನುವಾರ ಮನೆಗಳಿಗೆ ಹೋದೆವು. ಹವಾಲ್ದಾರ್ ಅಜ್ಜ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮೊದಲು ತನ್ನ ಮಿಲಿಟ್ರಿ ನಂಬರ್, ಆಮೇಲೆ ರ‍್ಯಾಂಕ್, ಕೊನೆಗೆ ಹೆಸರು ಬರೆದರು. "ಆ ಸಣ್ಣ ಹುಡುಗಿಗೆ ನಾನು ಸುಳ್ಳು ಹೇಳಬಾರದಿತ್ತು ಮಗಾ" ಎಂದರು.

ಮೊದಲ ಸಲ ನಮ್ಮ ಪ್ರಶ್ನೆ ಪಟ್ಟಿಗೆ ಬರಲಿಲ್ಲ. ತುಂಬಾ ಬೇಜಾರಾಯಿತು. ಮುಂದಿನ ಅಧಿವೇಶನಕ್ಕೆ ಮತ್ತೆ ಕಳಿಸುತ್ತಿದ್ದೇವೆ. ಈ ಸಲ ಗಾಯದ ಡ್ರೆಸ್ಸಿಂಗ್ ಬಗ್ಗೆ ಒಂದು ಸಾಲು ಸೇರಿಸಿದ್ದೇವೆ. ಈಗ 163 ಪದ ಆಗಿದೆ. ನೈಟ್ ಡ್ಯೂಟಿ ಮುಗಿಸಿ ಬಂದು ಅದನ್ನೇ ಕಡಿಮೆ ಮಾಡುತ್ತಾ ಕೂತಿದ್ದೇನೆ.