ಶಾಂತಿಗೊಂದು ಇಲಾಖೆ ಬೇಕು ಅಂತ ಕೇಳಲು ಹೋದಾಗ

ಅಮೆರಿಕದಲ್ಲಿ ಯುದ್ಧಕ್ಕೆ ಅಂತಲೇ ಒಂದು ಇಲಾಖೆ ಹುಟ್ಟಿದ್ದು 1789ರಲ್ಲಿ. ಹಾಗಾದರೆ ಶಾಂತಿಗೂ ಒಂದು ಕಚೇರಿ ಇರಲಿ ಅಂತ ಬೆಂಜಮಿನ್ ರಷ್ ಬರೆದದ್ದು ಅದಾದ ಕೆಲವೇ ವರ್ಷಕ್ಕೆ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರು ಅವರು, ವೃತ್ತಿಯಲ್ಲಿ ವೈದ್ಯರು. ಆ ಬರಹ ಬೆಂಜಮಿನ್ ಬ್ಯಾನೆಕರ್ ಅವರ 1793ರ ಪಂಚಾಂಗದಲ್ಲಿ ಅಚ್ಚಾಯಿತು. ಆಮೇಲೆ ಇನ್ನೂರು ವರ್ಷ ಹೋಯಿತು. 2001ರ ಜುಲೈನಲ್ಲಿ ಓಹಾಯೊದ ಡೆನ್ನಿಸ್ ಕುಸಿನಿಚ್ ಇದನ್ನು ಮಸೂದೆಯಾಗಿ ಕೆಳಮನೆಯಲ್ಲಿ ಮಂಡಿಸಿದರು. 2005ರಲ್ಲಿ ಮಿನ್ನೆಸೋಟದ ಮಾರ್ಕ್ ಡೇಟನ್ ಸೆನೆಟ್‌ನಲ್ಲೂ ಮಂಡಿಸಿದರು. ಈ ಮಸೂದೆಗೆ ಸದಸ್ಯರ ಬೆಂಬಲ ಕೇಳುವ ಕೆಲಸಕ್ಕೆ ನಾನು ಕೈಹಾಕಿದ್ದು 2007ರಲ್ಲಿ. ಆಗ ಕೆಳಮನೆಯ ಮಸೂದೆಯ ಸಂಖ್ಯೆ ಎಚ್.ಆರ್. 808. ಆ ಮೂರು ಅಂಕಿ ಈಗಲೂ ನನಗೆ ಬಾಯಿಪಾಠ.

ಹೀಗೆ ಹೋಗಿ ಬೆಂಬಲ ಕೇಳುವುದಕ್ಕೆ ಲಾಬಿ ಅನ್ನುತ್ತಾರೆ. ಲಾಬಿ ಅಂದ ತಕ್ಷಣ ಕೋಟು ಹಾಕಿದ, ದೊಡ್ಡ ಕಂಪನಿಗಳ ಸಂಬಳ ತಗೊಳ್ಳುವ ಜನ ಕಣ್ಣ ಮುಂದೆ ಬರುತ್ತಾರೆ, ಅಲ್ವಾ? ಆದರೆ ಸರ್ಕಾರಕ್ಕೆ ಅಹವಾಲು ಸಲ್ಲಿಸುವ ಹಕ್ಕು ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿಯಲ್ಲೇ ಇದೆ. ನೋಂದಣಿ, ವರದಿ ಇವೆಲ್ಲ ದುಡ್ಡು ತಗೊಂಡು ಆ ಕೆಲಸ ಮಾಡುವವರಿಗೆ. ನಮ್ಮಂಥ ಸ್ವಯಂಸೇವಕರಿಗೆ ಬೇಕಾದದ್ದು ಇಷ್ಟೇ: ನಾವು ಯಾವ ಕ್ಷೇತ್ರದವರು, ಕೆಳಮನೆಯಲ್ಲಿ ನಮ್ಮ ಸದಸ್ಯರು ಯಾರು, ಅವರ ಹತ್ತಿರ ಏನು ಕೇಳಬೇಕು. ನಾವು ಕೇಳುತ್ತಿದ್ದದ್ದು ಒಂದೇ. 'ಈ ಮಸೂದೆಗೆ ಕೋ-ಸ್ಪಾನ್ಸರ್ ಆಗಿ.' ಅಂದರೆ ಮಸೂದೆಗೆ ತಮ್ಮ ಹೆಸರು ಸೇರಿಸಿ ಅಂತ. ಇದಕ್ಕೆ ಮತದಾನ ಬೇಡ, ಚರ್ಚೆ ಬೇಡ. ಸದಸ್ಯರು ಮನಸ್ಸು ಮಾಡಿದರೆ ಸಾಕು.

ಪತ್ರ ಬರೆಯೋಣ ಅಂತ ಎಲ್ಲರಿಗೂ ಮೊದಲು ಅನಿಸುತ್ತದೆ. ಬರೆಯಿರಿ, ಆದರೆ ವಾಷಿಂಗ್ಟನ್ನಿಗೆ ಅಂಚೆಯಲ್ಲಿ ಹಾಕಬೇಡಿ. 2001ರ ಆಂಥ್ರಾಕ್ಸ್ ದಾಳಿಯ ನಂತರ ಅಲ್ಲಿಗೆ ಬರುವ ಕಾಗದವನ್ನೆಲ್ಲ ವಿಕಿರಣ ಹಾಯಿಸಿ, ತಪಾಸಣೆ ಮಾಡಿ ಒಳಗೆ ಬಿಡುತ್ತಾರೆ. ಅದು ಮೇಜಿಗೆ ತಲುಪುವಷ್ಟರಲ್ಲಿ ಎಷ್ಟೋ ದಿನ ಆಗಿರುತ್ತದೆ. ಪ್ರತಿ ಸದಸ್ಯರಿಗೂ ಸ್ವಂತ ಕ್ಷೇತ್ರದಲ್ಲಿ ಒಂದು ಕಚೇರಿ ಇರುತ್ತದೆ. ಪತ್ರಗಳನ್ನು ಅಲ್ಲಿಗೆ ಕೈಯಲ್ಲೇ ಕೊಟ್ಟು ಬರುವುದು ಒಳ್ಳೆಯದು. ಕೊಡುವಾಗ ನಾಲ್ಕು ಮಾತು ಆಡಬಹುದು, ಮುಖ ಪರಿಚಯ ಆಗುತ್ತದೆ. ಫೋನ್ ಕೂಡ ಕೆಲಸ ಮಾಡುತ್ತದೆ. ಯಾವ ವಿಷಯಕ್ಕೆ ಎಷ್ಟು ಕರೆ ಬಂತು ಅಂತ ಕಚೇರಿಯವರು ಲೆಕ್ಕ ಇಡುತ್ತಾರೆ.

ನನಗೆ ಈ ಕೆಲಸದ ಮರ್ಮ ತಿಳಿದದ್ದು ಆ ಕ್ಷೇತ್ರ ಕಚೇರಿಯ ಒಂದು ಭೇಟಿಯಲ್ಲಿ. ಸದಸ್ಯರು ಇರಲಿಲ್ಲ. ಇರುವುದೂ ಅಪರೂಪ. ನಮ್ಮನ್ನು ಕೂರಿಸಿಕೊಂಡವನು ಇಪ್ಪತ್ತೈದರ ಆಸುಪಾಸಿನ ಒಬ್ಬ ಸಿಬ್ಬಂದಿ ಹುಡುಗ. ಕೈಯಲ್ಲಿ ಹಳದಿ ಹಾಳೆಯ ಪುಸ್ತಕ. ನಮಗೆ ಸಿಕ್ಕಿದ್ದು ಹದಿನೈದು ನಿಮಿಷ. ಯಾರು ಏನು ಹೇಳಬೇಕು ಅಂತ ಮೊದಲೇ ಹಂಚಿಕೊಂಡಿದ್ದೆವು. ನಿವೃತ್ತ ಶಿಕ್ಷಕಿಯೊಬ್ಬರು ಮಸೂದೆ ಏನು ಅಂತ ಹೇಳಿದರು. ಸೈನ್ಯದಲ್ಲಿದ್ದು ಬಂದ ಒಬ್ಬರು ತಾವು ಯಾಕೆ ಇದರ ಪರ ಅಂತ ಹೇಳಿದರು. ಮಗನನ್ನು ಬೀದಿಯ ಗುಂಡಿಗೆ ಕಳೆದುಕೊಂಡ ಒಬ್ಬ ತಾಯಿ ಎರಡೇ ನಿಮಿಷ ಮಾತಾಡಿದರು. ಕೊನೆಗೆ ಕೋ-ಸ್ಪಾನ್ಸರ್ ಆಗಿ ಅಂತ ಕೇಳುವ ಕೆಲಸ ನನ್ನದು.

ಹುಡುಗ ಬರೆದುಕೊಳ್ಳುತ್ತಲೇ ಇದ್ದ. ತಾಯಿ ಮಾತಾಡಿದ ಮೇಲೆ ತಲೆ ಎತ್ತಿ ಕೇಳಿದ: 'ಈ ಇಲಾಖೆ ಬಂದರೆ ನಿಮ್ಮ ಬೀದಿಯಲ್ಲಿ ಏನು ಬದಲಾಗುತ್ತೆ?'

ಆ ಪ್ರಶ್ನೆಗೆ ನಾವು ತಯಾರಾಗಿದ್ದೆವು. ಹೆಸರು ಕೇಳಿ ಬಹಳ ಜನ ಇದು ಬರೀ ವಿದೇಶಾಂಗದ ಮಾತು, ಯುದ್ಧ ತಡೆಯುವ ಮಾತು ಅಂದುಕೊಳ್ಳುತ್ತಾರೆ. ಮಸೂದೆ ಓದಿದರೆ ದೇಶದ ಒಳಗಿನ ಕೆಲಸವೇ ಜಾಸ್ತಿ ಕಾಣುತ್ತದೆ. ಮನೆಯೊಳಗಿನ ಹಿಂಸೆ, ಮಕ್ಕಳ ಮೇಲಿನ ದೌರ್ಜನ್ಯ, ಗ್ಯಾಂಗುಗಳು, ಜೈಲಿನಿಂದ ಹೊರಬಂದವರ ಬದುಕು, ಪೊಲೀಸರು ಮತ್ತು ಜನರ ನಡುವಿನ ಸಂಬಂಧ. ಜಗಳ ಬಿಡಿಸುವುದನ್ನು ಶಾಲೆಯಲ್ಲಿ ಮಕ್ಕಳೇ ಕಲಿತು ಮಾಡುವ ಕಾರ್ಯಕ್ರಮಗಳು, ಊರ ಮಟ್ಟದಲ್ಲಿ ಹಿಂಸೆ ತಡೆಯುವ ಸಂಘಗಳು, ಇಂಥವಕ್ಕೆ ಬೆಂಬಲ ಮತ್ತು ಹಣ ಕೊಡಿಸುವುದು ಇಲಾಖೆಯ ಕೆಲಸ. ಅದಕ್ಕೆ ನಾವು ಷಿಕಾಗೋದ ಉದಾಹರಣೆ ಕೊಟ್ಟೆವು. ಅಲ್ಲಿ 2000ದಲ್ಲಿ ಸೀಸ್‌ಫೈರ್ ಅಂತ ಒಂದು ಕಾರ್ಯಕ್ರಮ ಶುರುವಾಗಿತ್ತು. ಸಾಂಕ್ರಾಮಿಕ ರೋಗಗಳ ತಜ್ಞ ಗ್ಯಾರಿ ಸ್ಲಟ್ಕಿನ್ ಅದನ್ನು ಕಟ್ಟಿದವರು. ಹಿಂಸೆಯೂ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಹಾಗಾಗಿ ಹರಡುವ ಜಾಗದಲ್ಲೇ ತಡೆಯಬೇಕು ಅನ್ನುವುದು ಅವರ ಯೋಚನೆ. ಅದೇ ಬೀದಿಯಲ್ಲಿ ಬೆಳೆದವರು, ಹುಡುಗರು ನಂಬುವ ಜನ, ಸೇಡಿನ ಮಾತು ಕಿವಿಗೆ ಬಿದ್ದ ಕೂಡಲೇ ಹೋಗಿ ನಡುವೆ ನಿಲ್ಲುತ್ತಾರೆ. ಇಂಥ ಕೆಲಸ ಒಂದು ಊರಲ್ಲಿ ದುಡ್ಡಿದ್ದಾಗ ನಡೆಯುತ್ತದೆ, ದುಡ್ಡು ಮುಗಿದಾಗ ನಿಲ್ಲುತ್ತದೆ. ದೇಶದ ಮಟ್ಟದಲ್ಲಿ ಒಂದು ಇಲಾಖೆ ಇದ್ದರೆ ಅದಕ್ಕೊಂದು ಗಟ್ಟಿ ನೆಲೆ ಸಿಗುತ್ತದೆ. ಇದನ್ನೇ ಹೇಳಿದೆವು. ಹುಡುಗ ಆ ಪುಟದಲ್ಲಿ ಷಿಕಾಗೋ ಅಂತ ಬರೆದು ಸುತ್ತ ಗೆರೆ ಹಾಕಿದ.

ನನ್ನ ಮಟ್ಟಿಗೆ ಈ ಸಿಬ್ಬಂದಿಯೇ ಮುಖ್ಯ. ಸದಸ್ಯರ ಮುಂದೆ ವಿಷಯ ಇಡುವವರು ಇವರು. ಏನು ಇಡಬೇಕು, ಹೇಗೆ ಇಡಬೇಕು ಅನ್ನುವುದು ಬಹುಪಾಲು ಇವರ ಕೈಯಲ್ಲಿದೆ. ಸದಸ್ಯರ ಜೊತೆ ಫೋಟೊ ಸಿಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರನ್ನು ಕಂಡಿದ್ದೇನೆ. ಫೋಟೊ ಬೇಡ. ಸಿಬ್ಬಂದಿಯ ಹೆಸರು, ಅವರ ನೇರ ಇಮೇಲ್, ಯಾವ ವಿಷಯ ಯಾರು ನೋಡಿಕೊಳ್ಳುತ್ತಾರೆ ಅನ್ನುವುದು, ಇಷ್ಟು ಸಿಕ್ಕಿದರೆ ಆ ದಿನ ಸಾರ್ಥಕ. ಅದೇ ಸಂಜೆ ಒಂದು ಚಿಕ್ಕ ಧನ್ಯವಾದದ ಇಮೇಲ್ ಹಾಕಿ. ಅವರು ಕೇಳಿದ ಪ್ರಶ್ನೆಗೆ ಉತ್ತರ ಬಾಕಿ ಇದ್ದರೆ ಅದನ್ನೂ ಕಳಿಸಿ. ಎರಡು ಮೂರು ವಾರ ಬಿಟ್ಟು ಮತ್ತೆ ಕೇಳಿ. ಸುಮ್ನೆ ಒಂದು ಸಲ ಹೋಗಿ ಬಂದವರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಆಕ್ಷೇಪಣೆಗಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. 'ವಿದೇಶಾಂಗ ಇಲಾಖೆ ಇದೆಯಲ್ಲ?' ಇದೆ, ಆದರೆ ಶಾಲೆಯ ಜಗಳ, ಗ್ಯಾಂಗಿನ ಗುಂಡು ಅದರ ವ್ಯಾಪ್ತಿಗೆ ಬರುವುದಿಲ್ಲ. '1984ರಲ್ಲೇ ಶಾಂತಿ ಸಂಸ್ಥೆ ಆಯಿತಲ್ಲ, ರೇಗನ್ ಸಹಿ ಹಾಕಿದ್ದರಲ್ಲ?' ಆಯಿತು, ಒಳ್ಳೆಯದೇ. ಆದರೆ ಅದು ಅಧ್ಯಯನ, ತರಬೇತಿಗೆ ಕಟ್ಟಿದ ಸಂಸ್ಥೆ, ಅದರ ಗಮನ ಹೊರದೇಶಗಳ ಸಂಘರ್ಷದ ಮೇಲೆ. ಅಧ್ಯಕ್ಷರ ಸಂಪುಟದಲ್ಲಿ ಅದಕ್ಕೆ ಕುರ್ಚಿ ಇಲ್ಲ. ನಾವು ಕೇಳುವುದು ಆ ಕುರ್ಚಿಯನ್ನು. ಯುದ್ಧದ ತೀರ್ಮಾನ ಆಗುವ ಕೋಣೆಯಲ್ಲಿ 'ಇನ್ನೊಂದು ದಾರಿ ಇದೆ, ಅದನ್ನು ನೋಡಿದ್ದೀರಾ?' ಅಂತ ಕೇಳುವುದೇ ಕೆಲಸವಾಗಿರುವ ಒಬ್ಬರಾದರೂ ಇರಬೇಕು. ನನ್ನನ್ನು ಈ ಕೆಲಸಕ್ಕೆ ಎಳೆದದ್ದು ಇದೊಂದೇ ಮಾತು. ಇರಾಕ್ ಯುದ್ಧ ನಡೆಯುತ್ತಿದ್ದ ದಿನಗಳವು.

ಇನ್ನು ಖರ್ಚಿನ ಪ್ರಶ್ನೆ. ಪ್ರಚಾರದಲ್ಲಿ ನಾವು ಹೇಳುತ್ತಿದ್ದ ಲೆಕ್ಕ ರಕ್ಷಣಾ ಬಜೆಟ್ಟಿನ ನೂರಕ್ಕೆ ಎರಡು ಪಾಲು. ಅದು ದೊಡ್ಡ ಮೊತ್ತವೇ, ಮುಚ್ಚಿಡುವುದು ಬೇಡ. ಒಂದು ಕೊಲೆಯ ಹಿಂದೆ ಆಸ್ಪತ್ರೆ, ಪೊಲೀಸು, ಕೋರ್ಟು, ಜೈಲು ಅಂತ ಸರ್ಕಾರ ಸುರಿಯುವ ದುಡ್ಡನ್ನು ಪಕ್ಕದಲ್ಲಿಟ್ಟು ನೋಡಿ ಅಂತ ಹೇಳುತ್ತಿದ್ದೆವು. ಬಜೆಟ್ ಬಗ್ಗೆ ಬಿಗಿಯಾಗಿರುವ ಸದಸ್ಯರಿಗೂ ಈ ಮಾತು ಹಿಡಿಸುತ್ತದೆ. ಇದು ಒಂದು ಪಕ್ಷದ ವಿಷಯ ಅನ್ನಿಸಲು ಬಿಟ್ಟರೆ ಅರ್ಧ ಬಾಗಿಲು ಅಲ್ಲೇ ಮುಚ್ಚಿತು. ಬೇರೆ ಎಲ್ಲಿದೆ ಅಂತ ಕೇಳಿದರೆ, 1948ರಲ್ಲೇ ಸೈನ್ಯವನ್ನು ಕೈಬಿಟ್ಟ ಕೋಸ್ಟರಿಕದಲ್ಲಿ 2009ರಿಂದ ನ್ಯಾಯ ಮತ್ತು ಶಾಂತಿ ಸಚಿವಾಲಯ ಇದೆ. ಶಾಂತಿ ಒಪ್ಪಂದದ ನಂತರ 2007ರಲ್ಲಿ ನೇಪಾಳವೂ ಒಂದು ಸಚಿವಾಲಯ ಮಾಡಿತ್ತು.

ಆಗಸ್ಟ್ ಬಂದರೆ ನಮಗೆ ಸುಗ್ಗಿ. ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಸಂಸತ್ತಿಗೆ ರಜೆ, ಸದಸ್ಯರು ಊರಿಗೆ ಬರುತ್ತಾರೆ, ಸಾರ್ವಜನಿಕ ಸಭೆ ಕರೆಯುತ್ತಾರೆ. ಅಲ್ಲಿ ಬೇಗ ಹೋಗಿ ಬೇರೆ ಬೇರೆ ಕಡೆ ಕೂರುತ್ತಿದ್ದೆವು. ಮೈಕು ಯಾರ ಹತ್ತಿರ ಬಂದರೂ ಅದೇ ಪ್ರಶ್ನೆ: 'ಎಚ್.ಆರ್. 808ಕ್ಕೆ ನಿಮ್ಮ ಹೆಸರು ಸೇರಿಸುತ್ತೀರಾ?' ಹೌದು, ಇಲ್ಲ, ನೋಡುತ್ತೇನೆ, ಏನೇ ಹೇಳಿದರೂ ನೂರಾರು ಜನರ ಮುಂದೆ ಹೇಳಿದ ಹಾಗಾಯಿತು. 'ನೋಡುತ್ತೇನೆ' ಅಂದರೆ ಮರುದಿನವೇ ಕಚೇರಿಗೆ ಫೋನು. ಸ್ಥಳೀಯ ಪತ್ರಿಕೆಗೆ ವಾಚಕರ ಪತ್ರ ಬರೆಯುವಾಗ ಸದಸ್ಯರ ಹೆಸರು ಬರಲೇಬೇಕು. ತಮ್ಮ ಹೆಸರಿರುವ ಪತ್ರಗಳನ್ನು ಕಚೇರಿಯವರು ತಪ್ಪದೆ ನೋಡುತ್ತಾರೆ. ನಗರಸಭೆಗಳಿಂದ ಬೆಂಬಲದ ನಿರ್ಣಯ ಮಾಡಿಸಿದ ಊರುಗಳೂ ಇವೆ.

ವಾಷಿಂಗ್ಟನ್ನಿಗೆ ಹೋಗುವುದು ಬೇರೆಯೇ ಅನುಭವ. ಕ್ಯಾನನ್, ಲಾಂಗ್‌ವರ್ತ್, ರೇಬರ್ನ್ ಅಂತ ಮೂರು ದೊಡ್ಡ ಕಟ್ಟಡಗಳಲ್ಲಿ ಕೆಳಮನೆಯ 435 ಸದಸ್ಯರಲ್ಲಿ ಹೆಚ್ಚಿನವರ ಕಚೇರಿ. ಒಳಗೆ ಜಾಗ ಕಡಿಮೆ. ಎಷ್ಟೋ ಮಾತುಕತೆ ಕಾರಿಡಾರಿನಲ್ಲಿ ನಿಂತೇ ಮುಗಿಯುತ್ತದೆ. ಹಾಗಾಗಿ ಒಂದೇ ಪುಟದ ಟಿಪ್ಪಣಿ ಬೇಕು. ಮೇಲೆ ಮಸೂದೆಯ ಸಂಖ್ಯೆ, ಕೆಳಗೆ ನಮ್ಮ ವಿನಂತಿ, ನಡುವೆ ಆ ಕ್ಷೇತ್ರದ ಒಂದು ಉದಾಹರಣೆ. ದಪ್ಪ ಫೈಲು ಯಾರೂ ತೆರೆಯುವುದಿಲ್ಲ. ಉಡುಗೊರೆ ಒಯ್ಯಬೇಡಿ, ಅದಕ್ಕೆ ಅಲ್ಲಿ ಕಟ್ಟುನಿಟ್ಟಿನ ನಿಯಮಗಳಿವೆ.

ಮನಸ್ಸಿಗೆ ಕಷ್ಟ ಆಗುವುದು ಎರಡು ವರ್ಷದ ಲೆಕ್ಕ. ಕಾಂಗ್ರೆಸ್‌ನ ಅವಧಿ ಮುಗಿದರೆ ಮಸೂದೆಯೂ ಸತ್ತಂತೆ. ಕೂಡಿಸಿದ ಹೆಸರುಗಳೆಲ್ಲ ಹೋಗಿ ಮತ್ತೆ ಸೊನ್ನೆಯಿಂದ ಶುರು. 2007ರ ಮಸೂದೆಗೆ ಎಪ್ಪತ್ತರ ಆಸುಪಾಸು ಕೋ-ಸ್ಪಾನ್ಸರ್‌ಗಳು ಸಿಕ್ಕಿದ್ದರು. ಆದರೂ ಅದು ಸಮಿತಿಯನ್ನು ದಾಟಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಸದನದ ಮತಕ್ಕೆ ಬಂದಿಲ್ಲ. ಕುಸಿನಿಚ್ ಸ್ಥಾನ ಕಳೆದುಕೊಂಡ ಮೇಲೆ 2013ರಲ್ಲಿ ಕ್ಯಾಲಿಫೋರ್ನಿಯದ ಬಾರ್ಬರಾ ಲೀ ಅದನ್ನು ಕೈಗೆತ್ತಿಕೊಂಡರು. 2015ರಿಂದ ಸಂಖ್ಯೆ ಎಚ್.ಆರ್. 1111 ಆಯಿತು. ಹೊಸ ಅವಧಿ ಶುರುವಾದಾಗ ಹಳೇ ಬೆಂಬಲಿಗರ ಕಚೇರಿಗೇ ಮೊದಲು ಹೋಗಬೇಕು. ಹೋದ ಸಲ ಹಾಕಿದವರು ಈ ಸಲವೂ ಹಾಕುತ್ತಾರೆ ಅಂತ ಕೂತರೆ ಆಗುವುದಿಲ್ಲ. ಸಿಬ್ಬಂದಿ ಬದಲಾಗಿರುತ್ತಾರೆ, ಫೈಲು ಯಾರ ಹತ್ತಿರವೋ ಇರುತ್ತದೆ.

ನಮ್ಮ ಸದಸ್ಯರು ಕೊನೆಗೆ ಹೆಸರು ಸೇರಿಸಿದರು. ಅದೇ ಹುಡುಗ ಫೋನ್ ಮಾಡಿ ಹೇಳಿದ. ನಾವು ಧನ್ಯವಾದ ಹೇಳಿ, ಆ ಫೋನಿನಲ್ಲೇ ಇನ್ನೊಂದು ಕೇಳಿದೆವು: ಪಕ್ಕದ ಕ್ಷೇತ್ರದ ಸದಸ್ಯರ ಹತ್ತಿರ ಇವರೇ ಒಂದು ಮಾತು ಆಡಬಹುದಾ? ಯಾರನ್ನು ಕೇಳಬೇಕು ಅಂತ ಅವನು ಅಲ್ಲಿನ ಸಿಬ್ಬಂದಿಯ ಹೆಸರು ಕೊಟ್ಟ. ಮುಂದಿನ ವಾರ ನಾವು ಆ ಕಚೇರಿಗೆ ಹೋದೆವು.