ಸ್ವಿಂಗ್‌ಆರ್ಮ್ ಆರು ಇಂಚು ಉದ್ದ ಮಾಡಿದಿರಾ? ಚೈನ್ ಲೆಕ್ಕ ಹೀಗೆ ಹಾಕಿ

ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳು ದಿಬ್ಬಗಳಲ್ಲಿ ಓಲ್ಡ್ಸ್‌ಮೊಬೈಲ್ ಹಿಲ್ ಅನ್ನೋ ದಿಬ್ಬವನ್ನು ನನ್ನ ಎಟಿವಿಯಲ್ಲಿ (ಬೈಕ್ ಥರ ಕೂತು ಓಡಿಸೋ ನಾಲ್ಕು ಚಕ್ರದ ಗಾಡಿ) ಅರ್ಧ ಏರಿದ್ದೆ. ಥ್ಯಾಂಕ್ಸ್‌ಗಿವಿಂಗ್ ರಜೆಯ ವಾರ, ಕೆಳಗೆ ಜಾತ್ರೆ ಥರ ಜನ. ‘ಟಣ್’ ಅಂತ ಒಂದು ಸದ್ದು ಬಂತು. ಎಂಜಿನ್ ಕಿರುಚಿಕೊಂಡಿತು, ಗಾಡಿ ನಿಂತಿತು, ಆಮೇಲೆ ನಿಧಾನಕ್ಕೆ ಹಿಂದಕ್ಕೆ ಜಾರತೊಡಗಿತು. ಹಿಂದಿನ ಬ್ರೇಕ್ ಆಕ್ಸಲ್ (ಚಕ್ರದ ಅಚ್ಚು) ಮೇಲೇ ಇರೋದರಿಂದ ಹಿಡಿಯಿತು, ಬಚಾವಾದೆ. ಇಳಿದು ನೋಡಿದರೆ ಚೈನ್ ಮುಂದಿನ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ಹತ್ತಿರ ಉಂಡೆಯಾಗಿ ಕೂತಿದೆ. ಎಂಜಿನ್ ಕೇಸ್‌ನ ಒಂದು ಚೂರು ಎಗರಿ ಹೋಗಿದೆ. ಮನೆಯಿಂದ ಅಲ್ಲಿಗೆ ಮೂರೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಓಡಿಸಿದ್ದು ಇಪ್ಪತ್ತೇ ನಿಮಿಷ.

ತಪ್ಪು ಪೂರ್ತಿ ನನ್ನದೇ. ಅದನ್ನು ಮುಂದೆ ಹೇಳುತ್ತೇನೆ.

ನಾನಿರೋದು ಅರಿಜೋನಾದ ಚಾಂಡ್ಲರ್‌ನಲ್ಲಿ. ಗಾಡಿ 2004ರ ಯಮಹಾ ಬ್ಯಾನ್ಶೀ. 347 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್. ಅಮೆರಿಕದಲ್ಲಿ 1987ರಿಂದ 2006ರವರೆಗೆ ಮಾರಿದರು, ನಿಲ್ಲಿಸಿದ ಮೇಲೂ ಮರಳು ದಿಬ್ಬದ ಜನಕ್ಕೆ ಇದರ ಹುಚ್ಚು ಬಿಟ್ಟಿಲ್ಲ. ಹಿಂದೆ ಪ್ಯಾಡಲ್ ಟೈರ್ (ಮರಳು ತಳ್ಳೋಕೆ ಹುಟ್ಟಿನಂಥ ಪಟ್ಟಿ ಇರೋ ಟೈರ್) ಹಾಕಿ ದಿಬ್ಬಕ್ಕೆ ಬಿಟ್ಟರೆ ಮುಂದಿನ ಚಕ್ರ ಆಕಾಶ ನೋಡುತ್ತೆ. ಅದಕ್ಕೇ ಹಿಂದಿನ ಸ್ವಿಂಗ್‌ಆರ್ಮ್, ಅಂದರೆ ಹಿಂದಿನ ಆಕ್ಸಲನ್ನು ಹಿಡಿದು ಮೇಲೆ ಕೆಳಗೆ ಆಡೋ ತೋಳು, ಉದ್ದ ಮಾಡೋದು. ನಾಲ್ಕು ಇಂಚು, ಆರು ಇಂಚು, ಡ್ರ್ಯಾಗ್ (ನೇರ ಗೆರೆಯ ರೇಸ್) ಓಡಿಸೋರು ಹತ್ತು ಇಂಚು ಮಾಡಿಸಿದ್ದೂ ಉಂಟು. ತಿರುಗಿಸೋಕೆ ಜಾಗ ಜಾಸ್ತಿ ಬೇಕಾಗುತ್ತೆ, ಆದರೆ ಮೂಗು ನೆಲ ಬಿಡಲ್ಲ. ನಾನು ಹಾಕಿಸಿದ್ದು ಆರು ಇಂಚಿನದ್ದು.

ಆಕ್ಸಲ್ ಆರು ಇಂಚು ಹಿಂದೆ ಹೋದ ಮೇಲೆ ಹಳೇ ಚೈನ್ ಸಾಲಲ್ಲ. ಎಷ್ಟು ಸಾಲಲ್ಲ ಅನ್ನೋದರಲ್ಲೇ ಜನ ಎಡವೋದು. ಆರು ಇಂಚು ಅಲ್ವಾ, ಆರು ಇಂಚು ಚೈನ್ ಸೇರಿಸಿದರೆ ಆಯ್ತು ಅಂದುಕೊಳ್ಳುತ್ತಾರೆ. ಚೈನ್ ಮೇಲೂ ಓಡುತ್ತೆ, ಕೆಳಗೂ ಓಡುತ್ತೆ. ಹಾಗಾಗಿ ಹನ್ನೆರಡು ಇಂಚು ಬೇಕು.

ಈಗ ಅದನ್ನು ಕೊಂಡಿಗೆ ಇಳಿಸೋಣ. ಬ್ಯಾನ್ಶೀಗೆ 520 ಚೈನ್. ಮೊದಲ ಅಂಕಿ 5 ಅಂದರೆ ಪಿನ್‌ನಿಂದ ಪಿನ್‌ಗೆ ಇಂಚಿನ ಎಂಟನೇ ಐದು ಭಾಗ, ಅಂದರೆ 15.875 ಮಿ.ಮೀ. ಕೊನೆಯ 20 ಅನ್ನೋದು ಒಳಗಿನ ಅಗಲ, ಕಾಲಿಂಚು. 525, 530 ಚೈನ್‌ಗೂ ಪಿನ್ ದೂರ ಇಷ್ಟೇ, ಅಗಲ ಮಾತ್ರ ಬೇರೆ. ಆದ್ದರಿಂದ ಪಿನ್ ದೂರ ಹೊಂದಿತು ಅಂತ 530 ತಂದು ಹಾಕಬೇಡಿ, 520ರ ಹಲ್ಲಿನ ಮೇಲೆ ಅದು ಅಕ್ಕಪಕ್ಕ ಕುಣಿಯುತ್ತೆ. ಪಿನ್‌ನಿಂದ ಪಿನ್‌ವರೆಗಿನ ಒಂದು ತುಂಡನ್ನು ಒಂದು ಕೊಂಡಿ ಅಂತ ಎಣಿಸಿ. ಒಳಕೊಂಡಿ ಒಂದು, ಹೊರಕೊಂಡಿ ಇನ್ನೊಂದು, ಎರಡು ತುದಿ ಸೇರಿಸೋ ಚೈನ್ ಲಾಕ್ ಕೂಡ ಒಂದು.

ಹನ್ನೆರಡು ಇಂಚನ್ನು 0.625ರಿಂದ ಭಾಗಿಸಿದರೆ 19.2 ಬರುತ್ತೆ. ಒಳಕೊಂಡಿ, ಹೊರಕೊಂಡಿ ಜೋಡಿಯಾಗೇ ಬರೋದರಿಂದ ಒಟ್ಟು ಸಂಖ್ಯೆ ಯಾವಾಗಲೂ ಸಮಸಂಖ್ಯೆ ಆಗಿರಬೇಕು. ಹಾಗಾಗಿ 20 ಕೊಂಡಿ ಜಾಸ್ತಿ. ನಾಲ್ಕು ಇಂಚಿಗೆ 12.8 ಬರುತ್ತೆ, 14 ಹಿಡಿಯಿರಿ. ಎರಡು ಇಂಚಿಗೆ 6.4, ಆಕ್ಸಲನ್ನು ಹಿಂದೆ ಮುಂದೆ ಸರಿಸೋ ಅಡ್ಜಸ್ಟರ್‌ನಲ್ಲಿ ಮುಂದಕ್ಕೆ ಜಾಗ ಇದ್ದರೆ 6 ಸಾಕು, ಇಲ್ಲದಿದ್ದರೆ 8. ಎಂಟು ಇಂಚಿಗೆ 25.6, ಅಂದರೆ 26. ಹತ್ತು ಇಂಚಿಗೆ ಸರಿಯಾಗಿ 32. ಒಂದು ಜೋಡಿ ಕೊಂಡಿ ಜಾಸ್ತಿಯಾದರೆ ಆಕ್ಸಲ್ ಸುಮಾರು 16 ಮಿ.ಮೀ. ಹಿಂದಕ್ಕೆ ಹೋಗುತ್ತೆ. ಇದೊಂದು ನೆನಪಿದ್ದರೆ ಯಾವ ಸಂಖ್ಯೆಗೆ ಹೋಗಬೇಕು ಅನ್ನೋದನ್ನು ನಿಮ್ಮ ಅಡ್ಜಸ್ಟರ್ ನೋಡಿಯೇ ಹೇಳಬಹುದು. ಹೊಸ ಚೈನ್ ಹಾಕಿದಾಗ ಆಕ್ಸಲ್ ಆದಷ್ಟು ಮುಂದಿನ ಕಡೆಗೇ ನಿಲ್ಲಬೇಕು, ಚೈನ್ ಹಿಗ್ಗಿದ ಹಾಗೆ ಹಿಂದಕ್ಕೆ ಸರಿಸೋಕೆ ಜಾಗ ಉಳಿಯಬೇಕು.

ಬೆಸ ಸಂಖ್ಯೆಗೆ ಹೊಂದಿಸೋಕೆ ಹಾಫ್ ಲಿಂಕ್ ಅಂತ ಸೊಟ್ಟ ಕೊಂಡಿಯೊಂದು ಸಿಗುತ್ತೆ. ಇಂಥ ಗಾಡಿಗೆ ಅದು ಬೇಡವೇ ಬೇಡ.

ಸ್ಪ್ರಾಕೆಟ್ ಕೂಡ ಬದಲಾಯಿಸುತ್ತಿದ್ದರೆ ಇನ್ನೊಂದು ಲೆಕ್ಕ ಇದೆ. ಮುಂದಿನದು, ಹಿಂದಿನದು ಸೇರಿ ನಾಲ್ಕು ಹಲ್ಲು ಜಾಸ್ತಿಯಾದರೆ ಸುಮಾರು ಎರಡು ಕೊಂಡಿ ಜಾಸ್ತಿ ಬೇಕು. ನಾನು ಮುಂದೆ 14, ಹಿಂದೆ 41 ಹಲ್ಲು ಇದ್ದದ್ದನ್ನು ಹಾಗೇ ಬಿಟ್ಟೆ. ನನ್ನ ಹಳೇ ಚೈನ್ ಎಣಿಸಿದರೆ 98 ಕೊಂಡಿ. 98ಕ್ಕೆ 20 ಸೇರಿಸಿದರೆ 118.

ಇಲ್ಲಿಗೆ ಬಂದಾಗಲೇ ನಾನು ಜಾಣತನ ತೋರಿಸಿದ್ದು. ಹೊಸ ಚೈನ್ ಯಾಕೆ, 20 ಕೊಂಡಿ ಸೇರಿಸಿದರೆ ಆಯ್ತಲ್ಲ ಅಂತ. ಗ್ಯಾರೇಜ್‌ನಲ್ಲಿ ಹೊಸ 520ರ ತುಂಡೊಂದು ಬಿದ್ದಿತ್ತು. ಎರಡು ಚೈನ್ ಲಾಕ್ ಹಾಕಿ ಹಳೇದಕ್ಕೆ ಜೋಡಿಸಿದೆ. ರಾತ್ರಿ ಹನ್ನೊಂದು ಗಂಟೆ, ಬೆಳಗ್ಗೆ ನಾಲ್ಕಕ್ಕೆ ಹೊರಡಬೇಕು. ಎಷ್ಟು ಬೇಗ ಮುಗಿದರೆ ಅಷ್ಟು ಒಳ್ಳೇದು ಅನ್ನೋ ಹೊತ್ತು.

ಜೋಡಿಸೋದು ಯಾಕೆ ಬೇಡ ಅಂತ ಅಳೆದು ನೋಡಿದರೆ ಗೊತ್ತಾಗುತ್ತೆ. ಹೊಸ 520 ಚೈನ್‌ನಲ್ಲಿ 20 ಕೊಂಡಿ ಎಳೆದು ಹಿಡಿದರೆ 317.5 ಮಿ.ಮೀ. ಇರಬೇಕು. ನನ್ನ ಹಳೇದನ್ನು ಆಮೇಲೆ ಅಳೆದೆ, 322 ಬಂತು. ಸುಮಾರು ಶೇಕಡಾ 1.4ರಷ್ಟು ಹಿಗ್ಗಿದೆ. 98 ಕೊಂಡಿಗೆ ಲೆಕ್ಕ ಹಾಕಿದರೆ 22 ಮಿ.ಮೀ. ಅಷ್ಟು ಸವೆದ ಚೈನ್‌ನ ಮಧ್ಯೆ ಸವೆಯದ ತುಂಡು ಬಂದರೆ ಹಲ್ಲಿನ ಮೇಲೆ ಎರಡೂ ಒಂದೇ ಥರ ಕೂರಲ್ಲ. ಪ್ರತಿ ಸುತ್ತಿಗೂ ಅಲ್ಲೊಂದು ಜಗ್ಗು. ಅದರ ಮೇಲೆ ಒಂದು ಲಾಕ್ ಇರೋ ಕಡೆ ಎರಡು. ಕ್ಲಿಪ್ ಹಾಕೋ ಲಾಕ್ ಎಷ್ಟು ಜಾಸ್ತಿಯೋ ಬಿಚ್ಚಿಕೊಳ್ಳೋ ಜಾಗವೂ ಅಷ್ಟು ಜಾಸ್ತಿ.

ನಿಮ್ಮ ಚೈನ್ ಒಂದೆರಡು ವಾರ ಓಡಿದ್ದು, ಸೇರಿಸೋ ತುಂಡು ಅದೇ ಕಂಪನಿಯ ಅದೇ ಮಾದರಿ, 20 ಕೊಂಡಿ ಅಳತೆ ಎರಡರದ್ದೂ ಒಂದೇ. ಹಾಗಿದ್ದರೆ ಜೋಡಿಸಬಹುದು. ಆಗಲೂ ಜೋಡಿಸೋ ಕಡೆ ತಲೆ ಬಡಿದು ಅಗಲಿಸೋ ರಿವೆಟ್ ಲಾಕ್ ಹಾಕಿ. ಇಲ್ಲ ಅಂದರೆ ದುಡ್ಡು ಬಿಚ್ಚಿ ಹೊಸದು ತನ್ನಿ. ಸ್ಪ್ರಾಕೆಟ್ ಹಲ್ಲು ಕೊಕ್ಕೆ ಥರ ಒಂದು ಕಡೆ ಬಾಗಿದ್ದರೆ ಅದನ್ನೂ ಸೇರಿಸಿ ತನ್ನಿ. ಹಳೇ ಹಲ್ಲು ಹೊಸ ಚೈನನ್ನು ತಿಂದುಬಿಡುತ್ತೆ.

520 ಚೈನ್ ಸಾಮಾನ್ಯವಾಗಿ 120 ಕೊಂಡಿಯ ಡಬ್ಬಿಯಲ್ಲಿ ಬರುತ್ತೆ. ನನ್ನ 118 ಅದರಲ್ಲಿ ಹೇಗೋ ಹಿಡಿಯಿತು, ಒಂದೇ ಜೋಡಿ ಕತ್ತರಿಸಿದೆ. ಎಂಟು ಇಂಚು ಮಾಡಿಸಿದ್ದಿದ್ದರೆ 124 ಬೇಕಾಗುತ್ತಿತ್ತು, ಆಗ 120ರ ಡಬ್ಬಿ ತಂದು ಅಳೋದಷ್ಟೇ. ಅಂಥವರು ಇನ್ನೂ ಉದ್ದದ್ದನ್ನೇ ಕೇಳಿ ತರಿಸಿಕೊಳ್ಳಬೇಕು. ಓ-ರಿಂಗ್ (ಪಿನ್ ಸುತ್ತ ಕೂರೋ ರಬ್ಬರ್ ಬಳೆ) ಇರೋದೋ ಇಲ್ಲದ್ದೋ ಅಂತ ಕೇಳುತ್ತಾರೆ. ಓ-ರಿಂಗ್ ಒಳಗಿನ ಗ್ರೀಸನ್ನು ಹಿಡಿದಿಟ್ಟು ಮರಳನ್ನು ಹೊರಗೆ ಇಡುತ್ತೆ. ದಿಬ್ಬ ಸುತ್ತೋ ನನ್ನಂಥವರಿಗೆ ಅದೇ ಸರಿ. ಡ್ರ್ಯಾಗ್‌ನವರು ಎಳೆತ ಕಡಿಮೆ ಇರಲಿ ಅಂತ ಇಲ್ಲದ್ದನ್ನು ಹಾಕುತ್ತಾರೆ. ಓ-ರಿಂಗ್ ಚೈನ್ ಸ್ವಲ್ಪ ಅಗಲ, ಎಂಜಿನ್ ಕೇಸ್‌ಗೂ ಸ್ವಿಂಗ್‌ಆರ್ಮ್‌ಗೂ ತಾಗುತ್ತಾ ಅಂತ ಒಮ್ಮೆ ಸುತ್ತಿಸಿ ನೋಡಿ.

ಇನ್ನು ಕೆಲಸ. ಎಂಜಿನ್ ಹತ್ತದ ಹಾಗೆ ಮೊದಲು ಸ್ಪಾರ್ಕ್ ಪ್ಲಗ್ ಕ್ಯಾಪ್ ಎರಡೂ ಕಿತ್ತಿಡಿ. ಚೈನ್ ಕೆಲಸ ಮಾಡುವಾಗ ಚಕ್ರವನ್ನು ಕೈಯಲ್ಲೇ ತಿರುಗಿಸಬೇಕು. ಎಂಜಿನ್ ಓಡಿಸಿ ಚೈನ್ ಒರೆಸೋಕೆ ಹೋಗಿ ಬೆರಳು ಕಳಕೊಂಡವರು ಇದ್ದಾರೆ. ಗಾಡಿಯ ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಮುಂದಿನ ಸ್ಪ್ರಾಕೆಟ್ ಕವರ್ ಬಿಚ್ಚಿ. ಹಿಂದೆ ಆಕ್ಸಲ್ ಹಿಡಿದಿರೋ ಕ್ಯಾರಿಯರ್‌ನ ಬೋಲ್ಟ್ ಸಡಿಲಿಸಿ ಆಕ್ಸಲನ್ನು ಮುಂದಕ್ಕೆ ತನ್ನಿ.

ಹಳೇ ಚೈನ್ ಕಿತ್ತು ಬಿಸಾಡಬೇಡಿ. ಸ್ವಿಂಗ್‌ಆರ್ಮ್ ಬದಲಾಯಿಸೋ ಮುಂಚೆ ಅದನ್ನು ನೆಲದ ಮೇಲೆ ಹಾಸಿ, ಹತ್ತತ್ತು ಕೊಂಡಿಗೆ ಒಂದು ಚುಕ್ಕಿ ಇಡುತ್ತಾ ಎಣಿಸಿ. ನಾನು ಹೆಂಡತಿಯ ನೇಲ್ ಪಾಲಿಶ್ ಬಳಸಿದೆ, ಎಣ್ಣೆ ಒರೆಸಿ ಹಚ್ಚಿದರೆ ಚೆನ್ನಾಗಿ ಕೂರುತ್ತೆ. ಬಾಯಲ್ಲಿ ಎಣಿಸಿದರೆ ಅರವತ್ತರ ಹತ್ತಿರ ಯಾರಾದರೂ ಬಂದು ‘ಕಾಫಿ ಬೇಕಾ?’ ಅಂತಾರೆ, ಮತ್ತೆ ಒಂದರಿಂದ ಶುರು.

ಲೆಕ್ಕ ಎಷ್ಟೇ ಸರಿ ಇದ್ದರೂ ಕತ್ತರಿಸೋ ಮುಂಚೆ ಹೊಸ ಚೈನನ್ನು ಗಾಡಿ ಮೇಲೇ ಸುತ್ತಿ ನೋಡಿ. ತುದಿಗಳು ಹಿಂದಿನ ಸ್ಪ್ರಾಕೆಟ್ ಮೇಲೆ ಸೇರೋ ಹಾಗೆ ಇಟ್ಟರೆ ಹಲ್ಲೇ ಎರಡನ್ನೂ ಹಿಡಕೊಂಡಿರುತ್ತೆ. ಎರಡು ತುದಿಯಲ್ಲೂ ಒಳಕೊಂಡಿ ಉಳಿಯಬೇಕು, ಲಾಕೇ ಹೊರಕೊಂಡಿ. ಎಲ್ಲಿ ಕತ್ತರಿಸಬೇಕೋ ಆ ಪಿನ್‌ಗೆ ಬಣ್ಣ ಹಚ್ಚಿ, ಇನ್ನೊಮ್ಮೆ ಎಣಿಸಿ. ಆಮೇಲೆ ಆ ಪಿನ್‌ನ ಅಗಲಿಸಿದ ತಲೆಯನ್ನು ಗ್ರೈಂಡರ್‌ನಲ್ಲಿ ಪಟ್ಟಿಯ ಮಟ್ಟಕ್ಕೆ ಉಜ್ಜಿ ತೆಗೆಯಿರಿ. ಉಜ್ಜದೆ ಸೀದಾ ಚೈನ್ ಬ್ರೇಕರ್ (ಪಿನ್ ಒತ್ತಿ ತೆಗೆಯೋ ಟೂಲ್) ತಿರುಗಿಸಿದರೆ ಚೈನ್ ಹಾಗೇ ಇರುತ್ತೆ, ಬ್ರೇಕರ್‌ನ ಸೂಜಿ ಮುರಿಯುತ್ತೆ. ಉಜ್ಜುವಾಗ ಪಕ್ಕದ ಓ-ರಿಂಗ್ ಸುಡದ ಹಾಗೆ ನೋಡಿಕೊಳ್ಳಿ.

ಈಗ ಲಾಕ್. ನಮ್ಮ ಸೋದರಮಾವ ತಿಪಟೂರಿನಲ್ಲಿ ಸೈಕಲ್ ಶಾಪ್ ಇಟ್ಟಿದ್ದರು. ಬೇಸಿಗೆ ರಜೆಯಲ್ಲಿ ನನಗೆ ಅಲ್ಲಿ ಪಂಕ್ಚರ್ ಬಕೆಟ್ ತುಂಬಿಸೋ ಕೆಲಸ. ಚೈನ್ ಲಾಕ್‌ನ ಆ ಪುಟ್ಟ ಕ್ಲಿಪ್ಪನ್ನು ಅವರು ಮೀನು ಅಂತಿದ್ದರು. ನೋಡೋಕೂ ಹಾಗೇ ಇದೆ. ಒಂದು ಕಡೆ ಮುಚ್ಚಿದ ಗುಂಡು ತಲೆ, ಇನ್ನೊಂದು ಕಡೆ ಸೀಳಿದ ಬಾಲ. ‘ಮೀನು ತಲೆ ಮುಂದೆ ಮಾಡಿ ಈಜಬೇಕು ಕಣೋ, ಬಾಲ ಮುಂದೆ ಮಾಡಿ ಈಜೋ ಮೀನು ನೋಡಿದ್ದೀಯಾ?’ ಅನ್ನೋರು. ಚೈನ್ ಓಡೋ ದಿಕ್ಕಿಗೆ ತಲೆ. ಚೈನ್‌ನ ಮೇಲಿನ ಸಾಲು ಎಂಜಿನ್ ಕಡೆಗೆ ಓಡುತ್ತೆ, ಹಾಗಾಗಿ ಲಾಕ್ ಮೇಲಿದ್ದಾಗ ತಲೆ ಮುಂದಕ್ಕಿರಬೇಕು. ಕೆಳಗಿದ್ದಾಗ ಹಿಂದಕ್ಕೆ. ಆ ರಾತ್ರಿ ನಾನು ಒಂದು ಲಾಕನ್ನು ಕೆಳಗಿನ ಸಾಲಲ್ಲಿ ಹಾಕಿದ್ದೆ, ನಿದ್ದೆಗಣ್ಣಲ್ಲಿ ತಲೆಯನ್ನು ಗಾಡಿಯ ಮುಂದಕ್ಕೇ ಮಾಡಿದ್ದೆ. ಎಂಟು ವರ್ಷದ ಹುಡುಗನಿಗೆ ಗೊತ್ತಿದ್ದದ್ದು ನಲವತ್ತೊಂದರಲ್ಲಿ ಮರೆತುಹೋಗಿತ್ತು. ದಿಬ್ಬದ ಮೇಲೆ ಕಾಣೆಯಾದದ್ದು ಅದೇ ಮೀನು.

ಓ-ರಿಂಗ್ ಚೈನ್ ಆದರೆ ಲಾಕ್ ಜೊತೆ ನಾಲ್ಕು ಪುಟ್ಟ ರಿಂಗ್ ಕೊಟ್ಟಿರುತ್ತಾರೆ. ಪಿನ್‌ಗೆ ಗ್ರೀಸ್ ಹಚ್ಚಿ, ಎರಡು ರಿಂಗ್ ಈ ಕಡೆ, ಎರಡು ಆ ಕಡೆ. ಹೊರಪಟ್ಟಿ ಬಿಗಿಯಾಗಿರುತ್ತೆ, ಸುತ್ತಿಗೆಯಲ್ಲಿ ಹೊಡೆಯಬೇಡಿ, ಪ್ರೆಸ್ ಟೂಲ್‌ನಲ್ಲಿ ನಿಧಾನಕ್ಕೆ ಒತ್ತಿ. ಪಿನ್‌ನ ಕಚ್ಚು ಪೂರ್ತಿ ಕಾಣಬೇಕು, ಮೀನು ಅಲ್ಲೇ ಕೂರೋದು. ಆಮೇಲೆ ಅದರ ಮೇಲೆ ತೆಳ್ಳಗೆ ಸೇಫ್ಟಿ ವೈರ್ ಸುತ್ತುತ್ತೇನೆ.

ಕೊನೆಗೆ ಪ್ಲೇ, ಅಂದರೆ ಚೈನ್‌ನ ಸಡಿಲು. ಗಾಡಿ ನಿಂತಿರುವಾಗ ಬೆರಳಲ್ಲಿ ಎತ್ತಿ ನೋಡಿ ‘ಸರಿ ಇದೆ’ ಅನ್ನೋದು ಸಾಲಲ್ಲ. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಯಾವುದರ ಮೇಲೆ ಆಡುತ್ತೋ ಆ ಪಿವಟ್ ಬೋಲ್ಟ್, ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ ಇರುತ್ತೆ. ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟ್ ತೆಗೆದು, ಜ್ಯಾಕ್‌ನಲ್ಲಿ ಆಕ್ಸಲ್ ಎತ್ತುತ್ತಾ ಬನ್ನಿ. ಮೂರರ ನಡುಮಧ್ಯಕ್ಕೂ ಒಂದು ದಾರ ಹಿಡಿದರೆ ಗೆರೆಗೆ ಬಂತೋ ಇಲ್ಲವೋ ಕಾಣುತ್ತೆ. ಆ ಜಾಗದಲ್ಲಿ ಚೈನ್‌ನ ನಡುವೆ ಅರ್ಧ ಇಂಚಾದರೂ ಪ್ಲೇ ಇರಲಿ. ಅದಕ್ಕಿಂತ ಬಿಗಿ ಇದ್ದರೆ ಗಾಡಿ ಹಾರಿ ಇಳಿದಾಗ ಎಳೆತ ಎಲ್ಲಾ ಮುಂದಿನ ಶಾಫ್ಟ್‌ನ ಬೇರಿಂಗ್ ಮೇಲೆ. ಅಲ್ಲಿ ಹೊಂದಿಸಿ, ಬೋಲ್ಟ್ ಬಿಗಿ ಮಾಡಿ, ಶಾಕ್ ವಾಪಸ್ ಹಾಕಿ, ಮೇಲೆ ಕೂತು ಇನ್ನೊಮ್ಮೆ ಅಳೆಯಿರಿ. ನನ್ನದು 45 ಮಿ.ಮೀ. ಬಂತು. ಆ ಅಂಕಿಯನ್ನು ಸ್ವಿಂಗ್‌ಆರ್ಮ್ ಮೇಲೆ ಪೇಂಟ್ ಪೆನ್‌ನಲ್ಲಿ ಬರೆದಿಟ್ಟಿದ್ದೇನೆ, ಇನ್ನು ಮುಂದೆ ಶಾಕ್ ಬಿಚ್ಚಬೇಕಿಲ್ಲ. ಉದ್ದದ ಚೈನ್ ಮಧ್ಯೆ ಜಾಸ್ತಿ ಜೋತು ಬೀಳುತ್ತೆ, ಅದನ್ನು ನೋಡಿ ಹೆದರಿ ಬಿಗಿ ಮಾಡಬೇಡಿ. ಹಾಗಂತ ಸ್ವಿಂಗ್‌ಆರ್ಮ್‌ಗೆ ಬಡಿಯೋಕೂ ಬಿಡಬೇಡಿ, ಸ್ಲೈಡರ್ ಪಟ್ಟಿಯನ್ನು ಉದ್ದ ಮಾಡಿದ ಭಾಗದವರೆಗೂ ಹಾಕಿಸಿ.

ಪಿವಟ್ ಬೋಲ್ಟ್‌ನಿಂದ ಆಕ್ಸಲ್‌ವರೆಗೆ ಎಡಕ್ಕೂ ಬಲಕ್ಕೂ ಒಂದೇ ಅಳತೆ ಬರುತ್ತಾ ನೋಡಿ. ಬೆಸುಗೆ ಹಾಕಿ ಉದ್ದ ಮಾಡಿದ ಆರ್ಮ್ ಸೊಟ್ಟ ಇದ್ದರೆ ಎಂಥ ಚೈನ್ ಹಾಕಿದರೂ ಒಂದು ಪಕ್ಕ ಸವೆಯುತ್ತೆ. ಹಾಗೇ ಹಿಂದಿನ ಬ್ರೇಕ್ ಹೋಸ್, ಪಾರ್ಕಿಂಗ್ ಬ್ರೇಕ್ ಕೇಬಲ್. ಆರ್ಮ್ ಪೂರ್ತಿ ಕೆಳಗೆ ಜೋತಾಡುವಾಗ ಅವು ತಂತಿ ಥರ ಬಿಗಿದಿದ್ದರೆ ಉದ್ದದ್ದು ತನ್ನಿ.

ಮೊದಲ ಹದಿನೈದು ನಿಮಿಷ ಓಡಿಸಿ ನಿಲ್ಲಿಸಿ, ಪ್ಲೇ ಅಳೆಯಿರಿ, ಮೀನು ನೋಡಿ. ಸಂಜೆ ಕ್ಯಾಂಪ್‌ನಲ್ಲಿ ಇನ್ನೊಮ್ಮೆ. ಮನೆಗೆ ಬಂದ ಮೇಲೆ ಸೀಮೆಎಣ್ಣೆ, ಮೆತ್ತನೆ ಬ್ರಷ್. ಪೆಟ್ರೋಲ್ ಬೇಡ, ಓ-ರಿಂಗ್ ಹಾಳಾಗುತ್ತೆ. ಅಂಟಂಟು ಲೂಬ್ ಹಚ್ಚಿದರೆ ಮರಳು ಕೂತು ಉಪ್ಪುಕಾಗದ ಆಗುತ್ತೆ, ಒಣಗೋ ಥರದ ವ್ಯಾಕ್ಸ್ ಲೂಬ್ ಸಾಕು.

ಟೂಲ್ ಬ್ಯಾಗ್‌ನಲ್ಲಿ ಒಂದು ಸಣ್ಣ ಚೈನ್ ಬ್ರೇಕರ್, ಒಂದು ಪೂರ್ತಿ ಲಾಕ್, ಚೂಪು ಮೂತಿಯ ಇಕ್ಕಳ ಇರಲಿ. ಮೀನು ಮಾತ್ರ ಮೂರು ಇಟ್ಟುಕೊಳ್ಳಿ. ಇಕ್ಕಳದಿಂದ ಚಿಮ್ಮಿ ಮರಳಿಗೆ ಬಿತ್ತು ಅಂದರೆ ಹುಡುಕೋಕೂ ಹೋಗಬೇಡಿ.